ಪೋಕೆಮಾನ್ 38ನೇ ಕಂತು ಎಲ್ಲಿ ಹೋಯಿತು? ಅನಿಮೇಷನ್ ಕೆಲಸದವರು, ಗೇಮ್ ಹುಚ್ಚರು ಬನ್ನಿ

ಬಸವನಗುಡಿ ಬುಗುರಿ
ಅಕ್ಕನ ಮಗ ಪೋಕೆಮಾನ್‌ನ ಹಳೇ ಕಂತುಗಳನ್ನು ಜಪಾನಿನ ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತಿದ್ದಾನೆ. 37 ಸಿಗುತ್ತದೆ, 39 ಸಿಗುತ್ತದೆ, ನಡುವಿನ 38 ಎಲ್ಲೂ ಇಲ್ಲ. ಯಾರು ತೆಗೆದರು ಮಾಮ ಅಂತ ಕೇಳಿದ. ಗೊತ್ತಿರುವಷ್ಟು ಹೇಳಿದೆ. ಇಲ್ಲಿ ಸ್ಟುಡಿಯೊದವರು, ಆಸ್ಪತ್ರೆಯವರು, ಗೇಮ್ ಆಡುವವರು ಎಲ್ಲ ಇದ್ದೀರಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಕಥೆ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಗೇಮ್ ಬಾಯ್‌ಗೆ ಪೋಕೆಮಾನ್ ಗೇಮ್ ಬಂದದ್ದು 1996ರ ಫೆಬ್ರವರಿಯಲ್ಲಿ. ಅದನ್ನೇ ಹಿಡಿದು ಮಾಡಿದ ಕಾರ್ಟೂನ್ ಸರಣಿ 1997ರ ಏಪ್ರಿಲ್ 1ರಂದು ಟಿವಿ ಟೋಕಿಯೊದಲ್ಲಿ ಶುರುವಾಯಿತು. ಮಂಗಳವಾರ ಸಂಜೆ ಆರೂವರೆ. ಶಾಲೆ ಮುಗಿಸಿ ಬಂದ ಮಕ್ಕಳೆಲ್ಲ ಟಿವಿ ಮುಂದೆ ಇರುವ ಹೊತ್ತು. ಡಿಸೆಂಬರ್ 16ಕ್ಕೆ 38ನೇ ಕಂತು ಬಂತು. ಪೋಕೆಮಾನ್‌ಗಳನ್ನು (ವಿಚಿತ್ರ ಶಕ್ತಿಯ ಕಾಲ್ಪನಿಕ ಪ್ರಾಣಿಗಳು) ಊರಿಂದೂರಿಗೆ ಕಳಿಸುವ ಯಂತ್ರ ಕೆಟ್ಟಿರುತ್ತದೆ. ಸರಿಮಾಡಲು ಕಥಾನಾಯಕ ಆಶ್ ಮತ್ತು ಗೆಳೆಯರು ಪೊರಿಗಾನ್ ಎಂಬ ಪೋಕೆಮಾನ್ ಜೊತೆ ಕಂಪ್ಯೂಟರಿನ ಒಳಗೇ ಹೋಗುತ್ತಾರೆ. ಹೊರಗಿದ್ದವರು ಇವರನ್ನೇ ವೈರಸ್ ಅಂದುಕೊಂಡು ಆಂಟಿವೈರಸ್ ಬಿಡುತ್ತಾರೆ. ಅದು ಕ್ಷಿಪಣಿಗಳಾಗಿ ಅಟ್ಟಿಸಿಕೊಂಡು ಬರುತ್ತದೆ. ಆಶ್ ಜೊತೆಗಿರುವ ಪೋಕೆಮಾನ್ ಪಿಕಾಚು ಅವುಗಳ ಮೇಲೆ ಮಿಂಚು ಹೊಡೆಯುತ್ತದೆ. ಪರದೆ ತುಂಬ ಕೆಂಪು, ನೀಲಿ, ಕೆಂಪು, ನೀಲಿ.

ಕಂತು ಶುರುವಾಗಿ ಆಗ 20 ನಿಮಿಷ ಆಗಿತ್ತು. ಆ ಮಿನುಗು ನೋಡಿ ಫಿಟ್ಸ್, ತಲೆಸುತ್ತು ಅಂತ ಅವತ್ತು 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಿದರು. ಸರಣಿ ನಾಲ್ಕು ತಿಂಗಳು ನಿಂತಿತು. ಆ ಕಂತು ಯಾವ ದೇಶದ ಟಿವಿಯಲ್ಲೂ ಮತ್ತೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದು ಕಂತಿಗೆ ಅಷ್ಟೊಂದು ಜನ ಕೈ ಹಾಕಿರುತ್ತಾರೆ. ಒಬ್ಬರ ಕಣ್ಣಿಗೂ ಇದು ಬೀಳಲಿಲ್ವಾ?

ರೆಂಡರ್ ರಾಜಾಜಿನಗರ
ಬಿದ್ದಿರುತ್ತದೆ ಸಾರ್. ತಪ್ಪು ಅಂತ ಅನಿಸಿರಲ್ಲ, ಅಷ್ಟೇ. ಯಾಕೆಂದರೆ ಅದನ್ನು ತಪ್ಪು ಅನ್ನುವ ನಿಯಮವೇ ಜಪಾನಿನಲ್ಲಿ ಆಗ ಇರಲಿಲ್ಲ.

ನಾನು ಬೆಂಗಳೂರಲ್ಲೇ ಕಂಪೋಸಿಟಿಂಗ್ (ಬೇರೆ ಬೇರೆ ಚಿತ್ರಗಳ ಪದರ ಸೇರಿಸಿ ಕೊನೆಯ ದೃಶ್ಯ ಕಟ್ಟುವ ಕೆಲಸ) ಮಾಡುತ್ತೇನೆ. ಮಕ್ಕಳ ಸರಣಿಗಳೇ ಜಾಸ್ತಿ. ಇದನ್ನು ಕೆಲಸದವರ ಕಣ್ಣಿಂದ ಹೇಳುತ್ತೇನೆ ಕೇಳಿ. ಈ ತಂತ್ರಕ್ಕೆ ಜಪಾನಿನವರು 'ಪಕಾ ಪಕಾ' ಅನ್ನುತ್ತಾರೆ. ಒಂದು ಫ್ರೇಮ್ ಕೆಂಪು, ಮುಂದಿನ ಫ್ರೇಮ್ ನೀಲಿ, ಮತ್ತೆ ಕೆಂಪು. ಸೆಕೆಂಡಿಗೆ 24 ಫ್ರೇಮ್ ಅಂದರೆ ಕೆಂಪು-ನೀಲಿ ಜೋಡಿ ಸೆಕೆಂಡಿಗೆ 12 ಸಲ ಬಂದು ಹೋಗುತ್ತದೆ. ಆ ದೃಶ್ಯದಲ್ಲಿ ಇದು ಸುಮಾರು ಆರು ಸೆಕೆಂಡ್ ನಡೆಯಿತು. ಟಿವಿಯಲ್ಲಿ ಆರು ಸೆಕೆಂಡ್ ಅಂದರೆ ಬಹಳ ಹೊತ್ತು. ಒಂದರಿಂದ ಆರರವರೆಗೆ ನಿಧಾನಕ್ಕೆ ಎಣಿಸಿ ನೋಡಿ, ಗೊತ್ತಾಗುತ್ತದೆ.

ಇದನ್ನು ಯಾಕೆ ಮಾಡುತ್ತಿದ್ದರು ಅಂದರೆ, ಕೈಯಲ್ಲಿ ಬರೆದು ಕ್ಯಾಮೆರಾದಲ್ಲಿ ತೆಗೆಯುತ್ತಿದ್ದ ಕಾಲ ಅದು. ಚಲನೆಗೆ ಹೊಸ ಚಿತ್ರ ಬರೆಯಬೇಕು. ಮಿಂಚಿಗೆ ಬೇಕಿಲ್ಲ. ಇರುವ ಚಿತ್ರಕ್ಕೆ ಬಣ್ಣ ಅದಲು ಬದಲು ಮಾಡಿದರೆ ಸಾಕು, ದೊಡ್ಡ ಸ್ಫೋಟ ಆದ ಹಾಗೆ ಕಾಣುತ್ತದೆ. ವಾರಕ್ಕೊಂದು ಕಂತು ಕೊಡಲೇಬೇಕಾದ ತಂಡ ಇಂಥ ಅಗ್ಗದ ದಾರಿಯನ್ನು ಬಿಡುತ್ತದಾ? ನಾನಾಗಿದ್ದರೂ ಬಿಡುತ್ತಿರಲಿಲ್ಲ. ಅದರಲ್ಲೂ ಕಥೆ ಕಂಪ್ಯೂಟರಿನ ಒಳಗೆ ನಡೆಯುತ್ತದೆ. 'ಸ್ವಲ್ಪ ಬೇರೆ ಥರ ಇರಲಿ' ಅನ್ನುವ ಆಸೆ ಎಲ್ಲರಿಗೂ ಇದ್ದೇ ಇರುತ್ತದೆ.

ಆದರೆ ಮುನ್ಸೂಚನೆ ಇರಲೇ ಇಲ್ಲ ಅನ್ನುವ ಹಾಗಿಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿ ಒಂದು ನೂಡಲ್ಸ್ ಜಾಹೀರಾತು ನೋಡಿ ಕೆಲವರಿಗೆ ಫಿಟ್ಸ್ ಬಂದಿತ್ತು. ಅದಾದ ಮೇಲೆ ಅಲ್ಲಿ ಟಿವಿಗೆ ಬೆಳಕಿನ ನಿಯಮ ಮಾಡಿದರು. ಜಪಾನಿನಲ್ಲೇ 1997ರ ಮಾರ್ಚ್‌ನಲ್ಲಿ ಎನ್‌ಎಚ್‌ಕೆಯ (ಅಲ್ಲಿನ ಸಾರ್ವಜನಿಕ ಚಾನೆಲ್) ಒಂದು ಬಾಹ್ಯಾಕಾಶದ ಕಾರ್ಟೂನ್ ನೋಡಿ ಕೆಲವು ಮಕ್ಕಳಿಗೆ ಇದೇ ತೊಂದರೆ ಆಗಿತ್ತು. ಪೊರಿಗಾನ್ ಕಂತಿಗಿಂತ ಒಂಬತ್ತು ತಿಂಗಳು ಮೊದಲು! ಅದು ಇನ್ನೊಂದು ಚಾನೆಲ್‌ನ ಸುದ್ದಿ ಅಂತ ಬಿಟ್ಟರೋ ಏನೋ. ನನಗೆ ಸಿಟ್ಟು ಬರುವುದು ಈ ಜಾಗದಲ್ಲಿ.

ಸುಮ್ನೆ ಕೇಳ್ದೆ
685 ಮಕ್ಕಳಿಗೂ ಫಿಟ್ಸ್ ಬಂತು ಅಂತ ನಂಬುವುದು ಕಷ್ಟ. 2001ರಲ್ಲಿ ಬೆಂಜಮಿನ್ ರಾಡ್‌ಫೋರ್ಡ್ ಮತ್ತು ರಾಬರ್ಟ್ ಬಾರ್ಥೊಲೊಮ್ಯೂ ಇದರ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ನಿಜವಾದ ಫಿಟ್ಸ್ ಕೆಲವರಿಗೆ, ಉಳಿದ ಬಹಳಷ್ಟು ಜನರಿಗೆ ಆದದ್ದು ಭಯ ಹರಡಿ ಬಂದ ತಲೆನೋವು, ವಾಂತಿ, ತಲೆಸುತ್ತು ಅನ್ನುವುದು ಅವರ ವಾದ. ಮರುದಿನ ಶಾಲೆಯಲ್ಲಿ, ಪೇಪರಿನಲ್ಲಿ ಬರೀ ಇದೇ ಮಾತು. ಇನ್ನೊಂದು ವಿಚಿತ್ರ ಅಂದರೆ ಅವತ್ತು ರಾತ್ರಿ ಸುದ್ದಿಯಲ್ಲಿ ಅದೇ ತುಣುಕನ್ನು ಮತ್ತೆ ತೋರಿಸಿದರು, ಅದನ್ನು ನೋಡಿ ಇನ್ನಷ್ಟು ಮಕ್ಕಳಿಗೆ ಹುಷಾರು ತಪ್ಪಿತು. ಟಿವಿಯವರ ಬುದ್ಧಿ ಎಲ್ಲ ಕಡೆ ಒಂದೇ.

ಬೆಳಗಿನ ಡ್ಯೂಟಿ
ನಾನು ನರರೋಗ ವಿಭಾಗದಲ್ಲಿ ನರ್ಸ್. ಸುಮ್ನೆ ಕೇಳ್ದೆ ಅವರೇ, ನೀವು ಹೇಳಿದ್ದೂ ಇರಬಹುದು, ಆದರೆ ಅದರಿಂದ ಫಿಟ್ಸ್ ಬಂದದ್ದು ಸುಳ್ಳಾಗುವುದಿಲ್ಲ. ಅವತ್ತು ಆಸ್ಪತ್ರೆಗೆ ಬಂದ ಎಷ್ಟೋ ಮಕ್ಕಳಿಗೆ ಅದಕ್ಕೂ ಮೊದಲು ಫಿಟ್ಸ್ ಬಂದೇ ಇರಲಿಲ್ಲ. ಹೆಚ್ಚಿನವರು ಬೇಗ ಸುಧಾರಿಸಿಕೊಂಡರು. ಆಂಬುಲೆನ್ಸ್‌ನಲ್ಲೇ ಸರಿಹೋದವರೂ ಇದ್ದರು. ಹಾಗಂತ ಅದನ್ನು ಬರೀ ಭಯ ಅನ್ನಬೇಡಿ.

ಬೆಳಕು ಮಿನುಗಿದರೆ ಫಿಟ್ಸ್ ಬರುವ ಗುಣ ಸಾವಿರಾರು ಜನರಲ್ಲಿ ಒಬ್ಬರಿಗೆ ಇರುತ್ತದೆ. ಸಣ್ಣ ಮಕ್ಕಳಿಂದ ಹಿಡಿದು ಕಾಲೇಜು ಹುಡುಗರ ತನಕ, ಅಂದರೆ ಸುಮಾರು 7ರಿಂದ 19ರ ವಯಸ್ಸಿನಲ್ಲಿ ಇದು ಜಾಸ್ತಿ. ಆ ಕಾರ್ಟೂನ್ ನೋಡುತ್ತಿದ್ದವರೂ ಅದೇ ವಯಸ್ಸಿನವರೇ. ಗಾಢ ಕೆಂಪು ಬಣ್ಣ ಇನ್ನೂ ಅಪಾಯ. ಕತ್ತಲೆ ಕೋಣೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುವುದು, ಇವೆಲ್ಲ ಸೇರಿದರೆ ಕೇಳಬೇಕಾ. ಕೋಟ್ಯಂತರ ಜನರ ದೇಶದಲ್ಲಿ ಒಂದೇ ಹೊತ್ತಿಗೆ ಅಷ್ಟು ಮಕ್ಕಳು ಅದೇ ಆರು ಸೆಕೆಂಡ್ ನೋಡಿದರು. ಸಾವಿರಾರು ಜನರಲ್ಲಿ ಒಬ್ಬರು ಅಂದರೂ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಇದು ಜಪಾನಿನವರ ವಿಚಿತ್ರ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರು, ಮೈಸೂರು ಕಡೆ ತಲೆಗೆ ಬಿಸಿನೀರು ಸುರಿದುಕೊಂಡರೆ ಫಿಟ್ಸ್ ಬರುವವರಿದ್ದಾರೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬು ಚೊಂಬು ತಲೆ ಮೇಲೆ ಹೊಯ್ದುಕೊಳ್ಳುತ್ತೀವಲ್ಲ, ಆಗ. ನಿಮ್ಹಾನ್ಸ್‌ನ ವೈದ್ಯರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಜಗತ್ತಿನ ವೈದ್ಯ ಪತ್ರಿಕೆಗಳಲ್ಲಿ ಈ ಕಾಯಿಲೆ ಬಗ್ಗೆ ಓದಿದರೆ ದಕ್ಷಿಣ ಭಾರತದ ಹೆಸರು ಮೊದಲು ಬರುತ್ತದೆ. ಅಲ್ಲಿ ಕಣ್ಣಿಗೆ ಬೆಳಕು, ಇಲ್ಲಿ ನೆತ್ತಿಗೆ ನೀರು. ಮೆದುಳು ಕೆರಳುವ ದಾರಿ ಬೇರೆ, ಅಷ್ಟೇ. ನೀರಿನ ಬಿಸಿ ಕಡಿಮೆ ಮಾಡಿದರೆ ಎಷ್ಟೋ ಜನರಿಗೆ ತೊಂದರೆಯೇ ಇರಲ್ಲ. ಅದಕ್ಕಾಗಿ ಯಾರೂ ಸ್ನಾನ ನಿಲ್ಲಿಸುವುದಿಲ್ಲವಲ್ಲ.

ಎಸ್.ಪಿ. ರೋಡ್ ಕಾರ್ಟ್ರಿಡ್ಜ್
ಇದರಲ್ಲಿ ನನ್ನ ಹೊಟ್ಟೆ ಉರಿಸುವುದು ಪೊರಿಗಾನ್ ವಿಷಯ. ಮಿಂಚು ಹೊಡೆದದ್ದು ಪಿಕಾಚು. ಶಿಕ್ಷೆ ಆದದ್ದು ಪೊರಿಗಾನ್‌ಗೆ. ಅದಾದ ಮೇಲೆ ಟಿವಿ ಸರಣಿಯಲ್ಲಿ ಪೊರಿಗಾನ್‌ಗೆ ಒಂದು ಪಾತ್ರ ಅಂತ ಕೊಡಲೇ ಇಲ್ಲ. ಗೇಮ್‌ನಲ್ಲಿ ಅದರ ಮುಂದಿನ ಎರಡು ರೂಪಗಳೂ ಬಂದವು, ಅವನ್ನೂ ಸರಣಿಯಿಂದ ದೂರ ಇಟ್ಟರು. 2020ರಲ್ಲಿ ಪೋಕೆಮಾನ್‌ನ ಅಧಿಕೃತ ಟ್ವಿಟರ್ ಖಾತೆಯಲ್ಲಿ ಪೊರಿಗಾನ್‌ದು ಏನೂ ತಪ್ಪಿಲ್ಲ ಅನ್ನುವ ಅರ್ಥದ ಒಂದು ಸಾಲು ಬಂತು. ಆಮೇಲೆ ಅದನ್ನೂ ಅಳಿಸಿದರು! ಪಿಕಾಚು ಮುಖ ಇಲ್ಲದೆ ಬ್ಯಾಗು, ಚೆಂಡು, ನೀರಿನ ಬಾಟಲಿ ಮಾರುವುದು ಹೇಗೆ, ಅಲ್ವಾ. ಮಾರಾಟಕ್ಕೆ ಬೇಕಾದವನನ್ನು ಉಳಿಸಿಕೊಂಡರು.

ಇನ್ನೊಂದು ವಿಷಯ. ಮರುದಿನ ಬೆಳಿಗ್ಗೆ ನಿಂಟೆಂಡೊ ಷೇರು ಸುಮಾರು ಶೇ. 5 ಇಳಿಯಿತು. ಪೊಲೀಸರು ಸರಣಿ ಮಾಡಿದವರನ್ನು ಕರೆದು ವಿಚಾರಿಸಿದರು. ವಿಡಿಯೊ ಬಾಡಿಗೆ ಅಂಗಡಿಗಳವರು ಕ್ಯಾಸೆಟ್ ಕೆಳಗಿಳಿಸಿದರು. ಗೇಮ್ ಆಡಿ ಯಾರಿಗೂ ಏನೂ ಆಗಿರಲಿಲ್ಲ. ಗೇಮ್ ಬಾಯ್ ಪರದೆಯಲ್ಲಿ ಆಗ ಕೆಂಪು ನೀಲಿಯೇ ಇರಲಿಲ್ಲ, ಬೂದು ಹಸಿರು ಅಷ್ಟೇ.

ಬಸವನಗುಡಿ ಬುಗುರಿ
ನಾಲ್ಕು ತಿಂಗಳು ನಿಂತಾಗ ಮುಂದಿನ ಕಂತುಗಳು ಏನಾದವು? ಮಾಡಿಟ್ಟಿದ್ದು ಇರಬೇಕಲ್ಲ.

ಎಸ್.ಪಿ. ರೋಡ್ ಕಾರ್ಟ್ರಿಡ್ಜ್
ಅಲ್ಲೇ ತಮಾಷೆ. ಡಿಸೆಂಬರ್ 23ಕ್ಕೆ ಕ್ರಿಸ್‌ಮಸ್ ಕಂತು ತಯಾರಾಗಿತ್ತು. ಅದು ಹೋಯಿತು. ಸರಣಿ ಮತ್ತೆ ಶುರುವಾದದ್ದು 1998ರ ಏಪ್ರಿಲ್ 16ಕ್ಕೆ. ಮಂಗಳವಾರ ಬಿಟ್ಟು ಗುರುವಾರ ರಾತ್ರಿ ಏಳಕ್ಕೆ ಬಂತು. ಅವತ್ತು ಎರಡು ಕಂತು ಒಟ್ಟಿಗೆ. ಬೇಸಿಗೆ ಹತ್ತಿರ ಬರುವಾಗ ಕ್ರಿಸ್‌ಮಸ್ ತೋರಿಸುವುದು ಹೇಗೆ? ಅದನ್ನು ಅಕ್ಟೋಬರ್‌ಗೆ ತಳ್ಳಿದರು. ಅಷ್ಟರಲ್ಲಿ ಕಥೆಯಲ್ಲಿ ಆಶ್‌ನ ಚಾರ್‌ಮ್ಯಾಂಡರ್ ಬೆಳೆದು ಚಾರಿಜಾರ್ಡ್ ಅನ್ನುವ ದೊಡ್ಡ ಪೋಕೆಮಾನ್ ಆಗಿಬಿಟ್ಟಿತ್ತು. ಕ್ರಿಸ್‌ಮಸ್ ಕಂತಿನಲ್ಲಿ ನೋಡಿದರೆ ಮತ್ತೆ ಪುಟ್ಟ ಚಾರ್‌ಮ್ಯಾಂಡರ್! ಬುಗುರಿ ಸಾರ್, ನಿಮ್ಮ ಅಳಿಯ ಪಟ್ಟಿ ಹಿಡಿದು ನೋಡಿದರೆ ಅಲ್ಲೂ ತಲೆ ಕೆಡಿಸಿಕೊಳ್ಳುತ್ತಾನೆ, ಮೊದಲೇ ಹೇಳಿಬಿಡಿ.

ಹಳೇ ಕಂತುಗಳಲ್ಲಿದ್ದ ಮಿಂಚನ್ನೂ ಮಂಕು ಮಾಡಿದರು. ಶೀರ್ಷಿಕೆ ಹಾಡಿನ ಚಿತ್ರಗಳನ್ನೂ ಬದಲಾಯಿಸಿದರು.

ಸುಮ್ನೆ ಕೇಳ್ದೆ
ಗೇಮ್ ಹಿಡಿದು ಮಕ್ಕಳ ಸರಣಿ ಮಾಡುವುದೇ ಒಂಥರಾ ಶಾಪ. ಸೋನಿಕ್ ಅನ್ನುವ ಗೇಮ್ ನೋಡಿ. 1993ರ ಒಂದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಂದೇ ಕಂಪನಿ ಎರಡು ಸೋನಿಕ್ ಸರಣಿ ಶುರು ಮಾಡಿತು. ಒಂದು ದಿನಾ ಬರುವ ನಗೆಯಾಟ, 65 ಕಂತು. ಇನ್ನೊಂದು ಎಬಿಸಿ ಚಾನೆಲ್ಲಿನಲ್ಲಿ ಶನಿವಾರ ಬೆಳಿಗ್ಗೆ, ಊರು ಕಳೆದುಕೊಂಡವರು ಕಾಡಲ್ಲಿ ಅಡಗಿ ಹೋರಾಡುವ ಗಂಭೀರ ಕಥೆ. ಎರಡರಲ್ಲೂ ಸೋನಿಕ್‌ಗೆ ದನಿ ಒಬ್ಬನೇ ನಟನದು, ಜಲೀಲ್ ವೈಟ್. ಗಂಭೀರವಾದದ್ದನ್ನು 26 ಕಂತಿಗೆ, ಮುಂದಿನ ಖಳನ ಸುಳಿವು ಕೊಟ್ಟು, ನಡುವಲ್ಲೇ ಕತ್ತರಿಸಿದರು. ಅದರ ಮೂರನೇ ಭಾಗಕ್ಕೆ ಅಭಿಮಾನಿಗಳು ಇವತ್ತಿಗೂ ಕಾಯುತ್ತಿದ್ದಾರೆ.

ಎಸ್.ಪಿ. ರೋಡ್ ಕಾರ್ಟ್ರಿಡ್ಜ್
ಶಾಪ ಅಲ್ಲ ಗುರು, ಮೂರು ಯಜಮಾನರು. ಗೇಮ್‌ನವನಿಗೆ ಪಾತ್ರ ಕೆಡಬಾರದು. ಚಾನೆಲ್‌ನವನಿಗೆ ವಾರ ತಪ್ಪಬಾರದು. ಆಟಿಕೆಯವನಿಗೆ ಹೊಸ ಮುಖ ಬೇಕು. ಮೂವರೂ ಒಪ್ಪಿದ್ದನ್ನೇ ಸ್ಟುಡಿಯೊ ಮಾಡಬೇಕು. ಕಿರ್ಬಿ ಸರಣಿ ಮಾಡುವಾಗ ಗೇಮ್ ಸೃಷ್ಟಿಸಿದ ಸಕುರಾಯ್ ಎರಡು ಷರತ್ತು ಹಾಕಿದ್ದರು, ಕಿರ್ಬಿ ಮಾತಾಡಬಾರದು, ಮನುಷ್ಯರು ಇರಬಾರದು. ಮಾತೇ ಬಾರದ ನಾಯಕನನ್ನು ಇಟ್ಟುಕೊಂಡು 2001ರಿಂದ 2003ರ ತನಕ 100 ಕಂತು ಮಾಡಿದರು. ಯಜಮಾನ ಏನು ಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳಿದರೆ ಕೆಲಸ ಆಗುತ್ತದೆ. ಪೋಕೆಮಾನ್‌ನಲ್ಲಿ ಪಿಕಾಚು ಹೇಗಿರಬೇಕು ಅಂತ ಕಾಯಲು ನೂರು ಜನ ಇದ್ದರು. ನೋಡುವ ಮಗುವಿನ ಕಣ್ಣು ಕಾಯಲು ಒಬ್ಬರನ್ನೂ ಇಟ್ಟಿರಲಿಲ್ಲ.

ರೆಂಡರ್ ರಾಜಾಜಿನಗರ
ಈಗ ಒಬ್ಬರಿದ್ದಾರೆ. ಅದು ಮನುಷ್ಯ ಅಲ್ಲ, ಸಾಫ್ಟ್‌ವೇರ್.

1998ರಲ್ಲಿ ಎನ್‌ಎಚ್‌ಕೆ ಮತ್ತು ಖಾಸಗಿ ಚಾನೆಲ್‌ಗಳ ಸಂಘ ಸೇರಿ ನಿಯಮ ಮಾಡಿದವು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗು ಬೇಡ, ಕೆಂಪಿನ ಮಿನುಗಿಗೆ ಇನ್ನೂ ಬಿಗಿ. ಜಪಾನಿನ ಕಾರ್ಟೂನ್ ಶುರುವಿನಲ್ಲಿ 'ಕೋಣೆಯಲ್ಲಿ ಬೆಳಕಿರಲಿ, ದೂರ ಕೂತು ನೋಡಿ' ಅಂತ ಒಂದು ಸಾಲು ಬರುತ್ತದಲ್ಲ, ಅದೂ ಈ ಕಂತಿನ ಫಲ. ಬ್ರಿಟನ್ನಿನ ಚಾನೆಲ್‌ಗೆ ಕೊಡುವ ಕೆಲಸ ಆದರೆ ಹಾರ್ಡಿಂಗ್ ಟೆಸ್ಟ್ ಪಾಸ್ ಆಗಲೇಬೇಕು. ಗ್ರಹಾಂ ಹಾರ್ಡಿಂಗ್ ಅನ್ನುವ ಬ್ರಿಟಿಷ್ ವಿಜ್ಞಾನಿಯ ಹೆಸರು ಅದು. ಸಾಫ್ಟ್‌ವೇರ್ ಇಡೀ ಕಂತನ್ನು ಫ್ರೇಮ್ ಫ್ರೇಮ್ ಅಳೆಯುತ್ತದೆ. ಎಷ್ಟು ಸಲ ಮಿನುಗಿತು, ಪರದೆಯ ಕಾಲು ಭಾಗಕ್ಕಿಂತ ಜಾಸ್ತಿ ಜಾಗದಲ್ಲಿ ಮಿನುಗಿತಾ, ಗಾಢ ಕೆಂಪು ಇದೆಯಾ, ಕಪ್ಪು ಬಿಳಿ ಪಟ್ಟೆಗಳು ಇವೆಯಾ. ಒಂದು ಕಡೆ ಎಡವಿದರೂ ಫೇಲ್.

ಈಗ ನಮ್ಮ ಊರಿನ ಕಥೆ ಕೇಳಿ. ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರ) ಹೊರದೇಶದಲ್ಲಿ ಆಗಿರುತ್ತದೆ. ಡೈರೆಕ್ಟರ್ ಅಲ್ಲೇ. ಅನಿಮೇಷನ್, ಲೈಟಿಂಗ್, ಕಂಪೋಸಿಟಿಂಗ್ ಇಲ್ಲಿ, ವೈಟ್‌ಫೀಲ್ಡ್ ಕಡೆಯ ಯಾವುದೋ ಟೆಕ್ ಪಾರ್ಕಿನಲ್ಲಿ. ಒಂದು ಸರಣಿಯಲ್ಲಿ (ಹೆಸರು ಹೇಳಲ್ಲ) ಖಳನ ಕೋಟೆ ಸಿಡಿಯುವ ಶಾಟ್ ನನ್ನದು. ನೋಟ್ ಬಂತು, 'ಎನರ್ಜಿ ಸಾಲದು'. ಮಿಂಚು ಹೆಚ್ಚಿಸಿದೆ. ಮತ್ತೆ ನೋಟ್, ಮತ್ತೆ ಹೆಚ್ಚಿಸಿದೆ. ಡೈರೆಕ್ಟರ್ ಖುಷಿಯಾಗಿ ಅಪ್ರೂವ್ ಮಾಡಿದರು. ಶುಕ್ರವಾರ ಸಂಜೆ ಕೊನೆಯ ಕ್ಯೂಸಿಯಲ್ಲಿ (ಗುಣಮಟ್ಟದ ಪರೀಕ್ಷೆ) ಹಾರ್ಡಿಂಗ್ ಫೇಲ್. ಸೋಮವಾರ ಡೆಲಿವರಿ. ಶನಿವಾರ, ಭಾನುವಾರ ಎಲ್ಲಿ ಹೋಯಿತು ಅಂತ ಬಿಡಿಸಿ ಹೇಳಬೇಕಾ?

ಸರಿಮಾಡುವುದು ಕಷ್ಟ ಅಲ್ಲ. ಕೆಂಪನ್ನು ಕಿತ್ತಳೆ ಕಡೆ ತಳ್ಳಬೇಕು. ಮಿನುಗಿನ ಬದಲು ಬೆಳಕು ಒಂದು ಸಲ ಏರಿ ನಿಧಾನಕ್ಕೆ ಇಳಿಯುವ ಹಾಗೆ ಮಾಡಬೇಕು. ಮಿನುಗಲೇಬೇಕಾದರೆ ಪರದೆಯ ಒಂದು ಮೂಲೆಯಲ್ಲಿ ಮಾತ್ರ. ನಿಜ ಹೇಳಬೇಕೆಂದರೆ ಹಾಗೆ ಮಾಡಿದ ಶಾಟ್ ಮೊದಲಿಗಿಂತ ಚೆನ್ನಾಗೇ ಕಾಣುತ್ತಿತ್ತು. ನನ್ನ ತಕರಾರು ಟೆಸ್ಟ್ ಮೇಲಲ್ಲ, ಅದು ಬೇಕು. ಸ್ಟೋರಿಬೋರ್ಡಿನಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಸಾಲಿನ ಕೊನೆಯವನ ತಲೆಗೆ ಕಟ್ಟುತ್ತಾರಲ್ಲ, ಅದು.

ಇನ್‌ವಾಯ್ಸ್ ಬಾಕಿ
ರೆಂಡರ್ ಮಗಾ, ನೀನು ಸಂಬಳದವನು. ಶನಿವಾರ ಹೋದರೂ ಒಂದನೇ ತಾರೀಕು ದುಡ್ಡು ಬರುತ್ತದೆ. ನಮ್ಮಂಥ ಫ್ರೀಲಾನ್ಸ್‌ನವರಿಗೆ ಶಾಟ್ ಲೆಕ್ಕದಲ್ಲಿ ಕಾಸು. ಟೆಸ್ಟ್ ಫೇಲ್ ಆದರೆ ಅದು 'ನಿಮ್ಮ ಕಡೆಯ ಕರೆಕ್ಷನ್', ಅದಕ್ಕೆ ದುಡ್ಡಿಲ್ಲ. ಮಿಂಚು ಹೆಚ್ಚು ಮಾಡಿ ಅಂದವರು ಯಾರು ಅಂತ ಕೇಳುವ ಹಾಗಿಲ್ಲ.

ಅದೂ 2025ರ ಫೆಬ್ರವರಿ ಆದಮೇಲೆ ಬಾಯಿ ಬಿಡಲೂ ಭಯ. ಸಿನಿಮಾ ಗ್ರಾಫಿಕ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಕಂಪನಿ ಗುಂಪು ಅಂತರರಾಷ್ಟ್ರೀಯ ಮಟ್ಟದಲ್ಲೇ ಕುಸಿದು ಬೆಂಗಳೂರಿನ ಕಚೇರಿ ಮುಚ್ಚಿದಾಗ ಸಾವಿರಾರು ಕಲಾವಿದರು ಒಟ್ಟಿಗೆ ಕೆಲಸ ಹುಡುಕಲು ಬೀದಿಗೆ ಬಂದರು. ಒಂದು ಸಣ್ಣ ಸ್ಟುಡಿಯೊದಲ್ಲಿ ಒಂದು ಜಾಗ ಖಾಲಿ ಇದ್ದರೂ ದೊಡ್ಡ ಸಿನಿಮಾ ಮಾಡಿದವರೆಲ್ಲ ಸಾಲಲ್ಲಿ. ರೇಟ್ ಕೇಳಿದರೆ 'ಬೇರೆಯವರು ಇದ್ದಾರೆ' ಅನ್ನುತ್ತಾರೆ. ಅನಿಮೇಷನ್, ಗೇಮಿಂಗ್‌ಗೆ ಅಂತಲೇ ಪಾಲಿಸಿ ಮಾಡಿದ ಮೊದಲ ರಾಜ್ಯ ನಮ್ಮದು, 2012ರಲ್ಲೇ. ಸಂತೋಷ. ಅದರಲ್ಲಿ ಕರೆಕ್ಷನ್ ದುಡ್ಡಿನ ಬಗ್ಗೆ ಒಂದು ಸಾಲು ಸೇರಿಸಿದ್ದರೆ ಇನ್ನೂ ಸಂತೋಷ ಆಗುತ್ತಿತ್ತು.

ಬಸವನಗುಡಿ ಬುಗುರಿ
ಹಾಗಾದರೆ ಆ 38ನೇ ಕಂತನ್ನೂ ಸರಿಮಾಡಿ ಬಿಡುಗಡೆ ಮಾಡಬಹುದಿತ್ತಲ್ಲ?

ರೆಂಡರ್ ರಾಜಾಜಿನಗರ
ಖಂಡಿತ ಮಾಡಬಹುದು. ಇವತ್ತಿನ ಸಾಫ್ಟ್‌ವೇರಿನಲ್ಲಿ ಒಬ್ಬನೇ ಕೂತು ಮುಗಿಸುವ ಕೆಲಸ. ಬೇರೆ ಕಂತುಗಳ ಮಿಂಚನ್ನು ಮಂಕು ಮಾಡಿದ್ದಾರಲ್ಲ, ಇದೂ ಹಾಗೇ. ಆದರೆ ಮಾಡಿದರೆ ಮತ್ತೆ 685 ಅನ್ನುವ ಸಂಖ್ಯೆ ಪೇಪರಿಗೆ ಬರುತ್ತದೆ. ಆ ತಲೆನೋವು ಯಾಕೆ ಅಂತ ಬೀಗ ಹಾಕಿಟ್ಟಿದ್ದಾರೆ ಅನ್ನುವುದು ನನ್ನ ಊಹೆ.

ಇನ್‌ವಾಯ್ಸ್ ಬಾಕಿ
ಆ ಕೆಲಸ ಬೆಂಗಳೂರಿಗೆ ಬಂದರೆ ನನಗೆ ಹೇಳು. ಅಡ್ವಾನ್ಸ್ ಕೊಟ್ಟರೆ ಮಾತ್ರ.

ವಿಜಯನಗರ ಅಮ್ಮ
ಎಲ್ಲ ಓದಿದೆ. ನನಗೆ ಈಗ ಕೈಕಾಲು ನಡುಗುತ್ತಿದೆ. ನನ್ನ ಮಗಳಿಗೆ ಒಂಬತ್ತು ವರ್ಷ. ದೀಪ ಆರಿಸಿ, ಹೊದಿಕೆ ಒಳಗೆ ಟ್ಯಾಬ್ ಇಟ್ಟುಕೊಂಡು ಕಾರ್ಟೂನ್ ನೋಡುತ್ತಾಳೆ. ಟಿವಿಗೆ ನಿಯಮ ಇದೆ ಅಂತೀರಿ. ಮೊಬೈಲಿನಲ್ಲಿ ಯಾರ್ಯಾರೋ ಹಾಕುವ ವಿಡಿಯೊಗಳಿಗೆ ಯಾರು ಟೆಸ್ಟ್ ಮಾಡುತ್ತಾರೆ?

ರೆಂಡರ್ ರಾಜಾಜಿನಗರ
ಹೆಚ್ಚಿನದಕ್ಕೆ ಯಾರೂ ಮಾಡಲ್ಲ ಅಕ್ಕ. ದೊಡ್ಡ ಸರಣಿಗಳು ಚಾನೆಲ್‌ಗೆ ಅಂತ ಒಮ್ಮೆ ಟೆಸ್ಟ್ ಆಗಿರುತ್ತವೆ, ಅವು ಪರವಾಗಿಲ್ಲ. ಗೇಮ್ ಆಡುತ್ತಾ ರೆಕಾರ್ಡ್ ಮಾಡಿ ಹಾಕುತ್ತಾರಲ್ಲ, ಜೊತೆಗೆ ಆ ಚಿಕ್ಕ ಚಿಕ್ಕ ಎಡಿಟ್ ವಿಡಿಯೊಗಳು, ಅವುಗಳಲ್ಲಿ ಪಕಾ ಪಕಾಗಿಂತ ಜೋರಾದ ಮಿನುಗು ನಾನೇ ನೋಡಿದ್ದೇನೆ. ಗೇಮ್ ಆದರೆ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್ ಕಡಿಮೆ ಮಾಡುವ ಆಯ್ಕೆ ಎಷ್ಟೋ ಕಡೆ ಇರುತ್ತದೆ, ಹುಡುಕಿ ಆನ್ ಮಾಡಿ.

ಬೆಳಗಿನ ಡ್ಯೂಟಿ
ಗಾಬರಿ ಬೇಡ ಅಕ್ಕ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೂ ಹೊದಿಕೆ ಒಳಗಿನ ಟ್ಯಾಬ್ ಬೇಡ. ಕೋಣೆಯಲ್ಲಿ ಒಂದು ದೀಪ ಇರಲಿ, ಪರದೆಯ ಹೊಳಪು ಇಳಿಸಿ, ಸ್ವಲ್ಪ ದೂರ ಇಡಿಸಿ. ನಿದ್ದೆಗೆಟ್ಟಾಗ ಅಪಾಯ ಜಾಸ್ತಿ, ಹಾಗಾಗಿ ರಾತ್ರಿ ತಡವಾಗಿ ನೋಡಿಸಬೇಡಿ. ಪರದೆ ಜೋರಾಗಿ ಮಿನುಗಿದಾಗ ಎರಡೂ ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿಕೊಳ್ಳುವುದು ಒಳ್ಳೆಯದು. ಕೆಂಪು ಬೆಳಕು ರೆಪ್ಪೆಯ ಮೂಲಕವೂ ಒಳಗೆ ಬರುತ್ತದೆ. ಮಗಳಿಗೆ ಆಟದ ಹಾಗೆ ಹೇಳಿಕೊಡಿ.

ಯಾರಿಗಾದರೂ ಫಿಟ್ಸ್ ಬಂದೇಬಿಟ್ಟರೆ ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ಆಸ್ಪತ್ರೆಗೆ ತೋರಿಸಲೇಬೇಕು. ಕೈಗೆ ಬೀಗದ ಕೈ, ಕಬ್ಬಿಣ ತುರುಕಬೇಡಿ. ಬಾಯಿಗೆ ಚಮಚ ಇಡಬೇಡಿ, ನೀರು ಹಾಕಬೇಡಿ. ಹಲ್ಲು ಮುರಿದುಕೊಂಡು ಬಂದವರನ್ನು ವಾರ್ಡಿನಲ್ಲಿ ನೋಡಿ ನೋಡಿ ಸಾಕಾಗಿದೆ.

ವಿಜಯನಗರ ಅಮ್ಮ
ಥ್ಯಾಂಕ್ಸ್ ಸಿಸ್ಟರ್. ಇದನ್ನು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಬಹುದಾ? ಇಲ್ಲಿ ಸಂಜೆಯಾದರೆ ಮಕ್ಕಳೆಲ್ಲ ಲಿಫ್ಟ್ ಪಕ್ಕ ಗುಂಪು ಕಟ್ಟಿಕೊಂಡು ಒಂದೇ ಫೋನ್ ನೋಡುತ್ತಿರುತ್ತವೆ.

ಬೆಳಗಿನ ಡ್ಯೂಟಿ
ಹಾಕಿ ಅಕ್ಕ. ಬೀಗದ ಕೈ ವಿಷಯ ಮೊದಲು ಹಾಕಿ, ಪೋಕೆಮಾನ್ ಕಥೆ ಆಮೇಲೆ. ಉದ್ದ ಇದ್ದರೆ ಯಾರೂ ಕೊನೆ ತನಕ ಓದುವುದಿಲ್ಲ.